ಡಬ್ಬಿ ಖಾಲಿ ಕೊಡಬಾರದು

ಸೋಮವಾರ ಮಧ್ಯಾಹ್ನ ಶಾಲೆಯಿಂದ ಫೋನ್ ಬಂದಾಗ ಕೌಸರ ಯಾರದೋ ಮದುವೆಯ ಬ್ಲೌಸಿಗೆ ತೋಳು ಕೂಡಿಸುತ್ತಿದ್ದಳು. ಫೋನ್ ಅವಳ ಅತ್ತೆ ಸಕೀನಾಬಿಯದು. ಸಕೀನಾಬಿ ಅದನ್ನು ಕಿವಿಯಿಂದ ದೂರ ಹಿಡಿದು ಸೊಸೆಯ ಕಡೆ ಚಾಚಿದಳು.

"ನೀನ ಮಾತಾಡು. ಶಾಲಿಯವರ ದನಿ ಕೇಳಿದ್ರ ನನಗ ಬಿ.ಪಿ. ಏರತೈತಿ."

ಫಿರದೋಸ ಒಬ್ಬ ಹುಡುಗಿಗೆ ಹೊಡೆದಿದ್ದಾಳೆ, ತಂದೆಗೆ ಫೋನ್ ಹಚ್ಚಿದರೆ ಎತ್ತುತ್ತಿಲ್ಲ, ಮನೆಯವರು ಯಾರಾದರೂ ಬರಬೇಕು ಎಂದಿತು ಆ ಕಡೆಯ ದನಿ. ತಂದೆ ಇಮ್ರಾನ ಟ್ರ್ಯಾಕ್ಟರ್ ಡ್ರೈವರ್, ಕಬ್ಬಿನ ಹಂಗಾಮಿನಲ್ಲಿ ಫೋನ್ ಎತ್ತುವುದು ಕಡಿಮೆ. ಕಾರ್ಖಾನೆಯ ಗೇಟಿನ ಮುಂದೆ ಟ್ರ್ಯಾಕ್ಟರಿನ ಸಾಲಿನಲ್ಲಿ ಪಾಳಿ ಕಾಯುತ್ತ ಹೇರಿದ ಕಬ್ಬಿನ ಕೆಳಗೇ ಮಲಗಿರುತ್ತಾನೆ. ಕೌಸರ ಸೂಜಿ ಚುಚ್ಚಿದ ಬ್ಲೌಸನ್ನು ಮಡಚಿಟ್ಟು, ಒಲೆಯ ಮೇಲಿನ ಬೇಳೆಯನ್ನು ಇಳಿಸಿ, ಅತ್ತೆಯ ಗುಳಿಗೆಯನ್ನು ನೀರಿನ ಲೋಟದ ಪಕ್ಕ ಇಟ್ಟು, ಬುರ್ಖಾ ಹಾಕಿಕೊಂಡು ಹೊರಟಳು. ಇಷ್ಟು ಮಾಡದೆ ಮನೆಯಿಂದ ಹೊರಬೀಳಲು ಅವಳಿಗೆ ಆಗುವುದಿಲ್ಲ.

ಅವರ ಮನೆ ಇರುವುದು ಉಗಾರ ಬುದ್ರುಕದಲ್ಲಿ. ಶಾಲೆ ಪಕ್ಕದ ಉಗಾರ ಖುರ್ದದಲ್ಲಿ, ರೈಲ್ವೆ ಸ್ಟೇಶನ್ನಿನ ಆಚೆ. ಕೌಸರ ಹೋದಾಗ ಮುಖ್ಯಾಧ್ಯಾಪಕಿಯ ಕೋಣೆಯಲ್ಲಿ ಕೋಮಲ ಎಂಬ ಹುಡುಗಿ ಹಣೆಗೆ ಹತ್ತಿ ಒತ್ತಿಕೊಂಡು ಕೂತಿದ್ದಳು. ಮೇಜಿನ ಮೇಲೆ ಒಂದರ ಮೇಲೊಂದು ಕೂರುವ ಮೂರು ತಾಳಿನ ಸ್ಟೀಲಿನ ಡಬ್ಬಿ ಇತ್ತು, ಅದರ ಮುಚ್ಚಳ ನೆಗ್ಗಿತ್ತು. ಪಡಸಾಲೆಯಲ್ಲಿ ಚೆಲ್ಲಿದ ಮಾದ್ಲಿಯ ಸಿಹಿ ಪುಡಿಯನ್ನು ಗುಬ್ಬಿಗಳು ಹೆಕ್ಕುತ್ತಿದ್ದವು. ಫಿರದೋಸ ಗೋಡೆಗೆ ಆತು ನಿಂತಿದ್ದಳು. ಒಂಬತ್ತನೆಯ ತರಗತಿಯ ಹುಡುಗಿ, ಇತ್ತೀಚೆಗೆ ಎತ್ತರವಾಗಿ ಬೆಳೆದು ಯೂನಿಫಾರ್ಮಿನ ತೋಳು ಗಿಡ್ಡವಾಗಿದೆ. ಕೌಸರಳಿಗೆ ಮೊದಲು ಕಂಡಿದ್ದು ಆ ತೋಳು. ಕಂಕುಳಲ್ಲಿ ಎಷ್ಟು ಬಿಡಬೇಕು ಎಂದು ಕಣ್ಣಲ್ಲೇ ಅಳೆದುಕೊಂಡು, ಆಮೇಲೆ ಹುಡುಗಿಯ ಮುಖ ನೋಡಿದಳು.

"ಸೋಮವಾರ ಬಂತಂದ್ರ ಒಂದು ರಾಮಾಯಣ ನೋಡ್ರಿ ಇಕಿದು," ಎಂದರು ಮುಖ್ಯಾಧ್ಯಾಪಕಿ. ಸಿಟ್ಟಿಗಿಂತ ದಣಿವು ಹೆಚ್ಚಿದ್ದ ದನಿ. "ಹಿಂದಿನ ಸೋಮವಾರ ಗಣಿತದ ಸರ್‌ಗ ಎದುರು ಮಾತಾಡಿದ್ಲು. ಅದಕಿಂತ ಮುಂಚೆ ಯಾರದೋ ಚೀಲ ಕಿಟಕಿಯಿಂದ ಒಗೆದ್ಲು. ಶನಿವಾರ ಕಡೀ ತಾಸಿಗೆ ಹೇಳದ ಕೇಳದ ಎದ್ದ ಹೋಗಿಬಿಡ್ತಾಳ. ಮಂಗಳವಾರದಿಂದ ಶುಕ್ರವಾರದ ತನಕ ನೋಡಿದ್ರ ಇಕೀನ ಹೌದೋ ಅಲ್ಲೋ ಅನಸ್ತೈತಿ, ಅಷ್ಟು ಶಾಣ್ಯಾ. ಮನ್ಯಾಗ ಏನರ ಐತೇನ್ರಿ? ನೀವು ತಾಯಿ ಹೌದಲ್ಲ?"

"ಅವರಪ್ಪನ ಹೆಂಡ್ತಿ ರಿ."

"ಹಾಂ," ಎಂದರು ಅವರು.

ಈ 'ಹಾಂ' ಕೌಸರಳಿಗೆ ಪರಿಚಿತ. ಕಿರಾಣಿ ಅಂಗಡಿಯಲ್ಲಿ, ದವಾಖಾನೆಯಲ್ಲಿ, ನಳದ ಮುಂದಿನ ಸರದಿಯಲ್ಲಿ ಕೇಳಿದ್ದಾಳೆ. ಮಗು ಸೊರಗಿದರೆ ಹಾಂ, ಕೆಮ್ಮಿದರೆ ಹಾಂ, ಹೊಡೆದರೆ ಹಾಂ. ಇಮ್ರಾನ ಮೊದಲ ಹೆಂಡತಿ ರಿಹಾನಾಳಿಗೆ ತಲಾಕ್ ಕೊಟ್ಟದ್ದು ಯಾಕೆಂದು ಕೇಳದವರೂ ಈಗಿನ ಹೆಂಡತಿ ಮಗಳಿಗೆ ಊಟ ಹಾಕುತ್ತಾಳೋ ಇಲ್ಲವೋ ಎಂದು ವಿಚಾರಿಸುತ್ತಾರೆ.

ಮುಂದಿನ ಸೋಮವಾರ ಹೆತ್ತವರು ಬಂದು ಮಾತಾಡಲೇಬೇಕು, ಇಲ್ಲದಿದ್ದರೆ ಟಿ.ಸಿ. ಕೊಡುವುದೊಂದೇ ದಾರಿ, ಕೋಮಲಳ ಮನೆಯವರಿಗೆ ತಾವು ಉತ್ತರ ಹೇಳಬೇಕಲ್ಲ ಎಂದರು ಮುಖ್ಯಾಧ್ಯಾಪಕಿ. ಕೌಸರ ಡಬ್ಬಿ ಎತ್ತಿಕೊಂಡಳು. ದಾರಿಯುದ್ದಕ್ಕೂ ಫಿರದೋಸ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಮನೆಯಲ್ಲಿ ಸಕೀನಾಬಿ ಆಗಲೇ ತೀರ್ಪು ತಯಾರು ಮಾಡಿಟ್ಟಿದ್ದಳು.

"ಶಾಲಿಯಿಂದ ಅವರೇನ ತಗೀತಾರ, ನಾವ ತಗಿಯೂಣು. ಕೊಗನೊಳ್ಳ್ಯಾಗ ನನ್ನ ತಂಗಿ ಸೊಸಿ ಬಾಣಂತಿ ಅದಾಳ. ಅಲ್ಲಿ ಇರಲಿ. ಕೂಸು ಎತ್ತಿಕೊಳ್ಳೂದು, ಅಡಗಿ ಮಾಡೂದು ಕಲೀತಾಳ. ಮುಂದ ಸಂಬಂಧ ನೋಡಾಕ ಹಗುರ ಆಗತೈತಿ."

ಸಂಜೆ ಇಮ್ರಾನನ ಫೋನ್ ಬಂದಾಗ ಅವನೂ ಅದನ್ನೇ ಅಂದ. "ಹುಡುಗಿ ಕೈ ಮೀರಿ ಹೊಂಟೈತಿ. ಅಮ್ಮ ಹೇಳಿದಂಗ ಮಾಡ್ರಿ."

ಕೂಸು ಎತ್ತಿಕೊಳ್ಳುವುದು ಎಂಬ ಮಾತು ಬಂದಾಗ ಕೌಸರ ಹೊಲಿಗೆ ಮಿಶನ್ ತುಳಿಯುತ್ತಿದ್ದ ಕಾಲು ನಿಲ್ಲಿಸಿದ್ದಳು.

ಅವಳು ಹುಟ್ಟಿದ್ದು ನಿಪ್ಪಾಣಿಯಲ್ಲಿ, ಬೀಡಿ ಕಟ್ಟುವ ತಾಯಿಯ ಹೊಟ್ಟೆಯಲ್ಲಿ. ತಾಯಿ ತೀರಿಕೊಂಡ ಮೇಲೆ ತಂದೆ ಮಗಳನ್ನು ತಮ್ಮನ ಮನೆಯಲ್ಲಿ ಬಿಟ್ಟು ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋದ. ಚಿಕ್ಕಪ್ಪನ ಹೆಂಡತಿ ಕೆಟ್ಟವಳಲ್ಲ. ಅವಳಿಗೆ ಮೇಲಿಂದ ಮೇಲೆ ಮಕ್ಕಳು. ಕೌಸರ ಎಂಟನೆಯ ತರಗತಿಯಲ್ಲಿದ್ದಾಗ, "ಈ ಕೂಸು ನಡ್ಯಾಕ ಹತ್ತೂ ತನಕ ಮನ್ಯಾಗ ಇರು" ಎಂದಳು. ಆ ಕೂಸು ನಡೆಯತೊಡಗಿದಾಗ ಇನ್ನೊಂದು ತೆವಳುತ್ತಿತ್ತು. ಶಾಲೆಯನ್ನು ಯಾರೂ ಬಿಡಿಸಲಿಲ್ಲ, ಯಾರೂ ಮತ್ತೆ ಹಚ್ಚಲೂ ಇಲ್ಲ. ಹಿತ್ತಲಿನ ಕಟ್ಟೆಯ ಮೇಲೆ ಕೂತು, ಸೊಂಟದಲ್ಲಿ ಕೂಸನ್ನಿಟ್ಟುಕೊಂಡೇ, ಅವಳು ಹೊಲಿಗೆ ಕಲಿತಳು. ಬಂದ ಸಂಬಂಧಗಳೆಲ್ಲ ಜಾರಿ ಹೋದವು. ಮೂವತ್ತು ದಾಟುವ ಹೊತ್ತಿಗೆ ಇಮ್ರಾನನ ಮನೆಯವರು ಬಂದು, ಒಂದು ಹುಡುಗಿ ಇದೆ, ಶಾಂತ ಸ್ವಭಾವ ಎಂದರು. ಆ ಹುಡುಗಿಯನ್ನು ನೋಡಬೇಕೆಂದು ಕೇಳಿದ್ದು ಕೌಸರ ಒಬ್ಬಳೇ. ಉಳಿದವರೆಲ್ಲ ಹೊಲ ನೋಡಿ ಬಂದರು.

ಹಿರಿಯರು ಮಾಡಿಕೊಟ್ಟ ಕರಾರಿನಂತೆ ಫಿರದೋಸ ವಾರವೆಲ್ಲ ತಂದೆಯ ಮನೆ, ಶನಿವಾರ ಮಧ್ಯಾಹ್ನದಿಂದ ತಾಯಿಯ ಹತ್ತಿರ. ತಾಯಿ ರಿಹಾನಾ ರಾಯಬಾಗ ತಾಲೂಕಿನ ಅಲಖನೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಹುಡುಗಿ ಪ್ಯಾಸೆಂಜರ್ ರೈಲು ಹತ್ತಿ ರಾಯಬಾಗಕ್ಕೆ ಹೋಗುತ್ತಿದ್ದಳು, ಸೋಮವಾರ ಬೆಳಗಿನ ರೈಲಿಗೆ ಬಂದು ನೇರವಾಗಿ ಶಾಲೆಗೆ ನಡೆಯುತ್ತಿದ್ದಳು. ಎರಡೂ ಮನೆಯವರು ಒಬ್ಬರಿಗೊಬ್ಬರು ಮಾತಾಡುವಂತಿಲ್ಲ, ಜಗಳ ಬೇಡ ಎಂದೂ ಹಿರಿಯರು ಹೇಳಿದ್ದರು. ಜಗಳವೇನೋ ತಪ್ಪಿತು. ಆದರೆ ಹೇಳಬೇಕಾದದ್ದೆಲ್ಲ ಹುಡುಗಿಯ ಕೈಯಲ್ಲಿ, ಹುಡುಗಿಯ ಬಾಯಲ್ಲಿ ಓಡಾಡತೊಡಗಿತು.

ಕೌಸರ ಸೊಸೆಯಾಗಿ ಬಂದ ಮೊದಲ ಸೋಮವಾರವೇ ಫಿರದೋಸಳ ಚೀಲದಿಂದ ಆ ಡಬ್ಬಿ ಹೊರಬಂದಿತ್ತು. ಮೂರೂ ತಾಳಿನಲ್ಲಿ ಶೇಂಗಾ ಹೋಳಿಗೆ. ಹೊಸ ಸೊಸೆಗೆಂದು ಹಳೆಯವಳು ಕಳಿಸಿದ್ದಾಳೆ ಎಂದು ಮನೆಯವರೆಲ್ಲ ಅಂದುಕೊಂಡರು. ಸಕೀನಾಬಿ ಡಬ್ಬಿಯ ಗುರುತು ಹಿಡಿದಳು.

"ಇದು ನಾ ಅಕಿ ಮದವ್ಯಾಗ ಕೊಟ್ಟ ಡಬ್ಬಿ. ತಲಾಕ್ ಆದ್ರೂ ಬಿಟ್ಟ ಹೋಗಿಲ್ಲ ನೋಡ." ಎರಡು ಹೋಳಿಗೆ ತಿಂದ ಮೇಲೆ ಸೊಸೆಗೆ ಹೇಳಿದಳು, "ಖಾಲಿ ಕೊಡಬ್ಯಾಡ ಮತ್ತ. ನಮ್ಮ ಮನೀನ ಖಾಲಿ ಅಂದಂಗ ಆಗತೈತಿ."

ಖಾಲಿ ಡಬ್ಬಿ ತಿರುಗಿ ಕೊಡಬಾರದೆಂದು ಕೌಸರಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವಳು ರವೆ ಉಂಡಿ ತುಂಬಿದಳು. ಅಲ್ಲಿಂದ ಕರ್ಚಿಕಾಯಿ ಬಂತು. ಕರ್ಚಿಕಾಯಿಗೆ ಉತ್ತರವಾಗಿ ಕೊಬ್ಬರಿ ಹಾಕಿದ ಬೇಸನ್ ಉಂಡಿ ಹೋಯಿತು, ಅದಕ್ಕೆ ಮಾದ್ಲಿ ಬಂತು. ಶುಕ್ರವಾರ ಸಂಜೆಯ ಹೊಲಿಗೆ ನಿಂತುಹೋಯಿತು. ಮಿಶನ್ ಮೇಲೆ ಹಿಟ್ಟಿನ ಜರಡಿ ಕೂತಿತು. ಹಾಗೆ ನೋಡಿದರೆ ಸಿಹಿ ತಿನ್ನುವವರು ಆ ಮನೆಯಲ್ಲಿ ಕಡಿಮೆ. ಸಕೀನಾಬಿಗೆ ಸಕ್ಕರೆ ಕಾಯಿಲೆ, ಇಮ್ರಾನ ಇರುತ್ತಿರಲಿಲ್ಲ, ಫಿರದೋಸ ಬಾಯಿಗೆ ಹಾಕುತ್ತಿರಲಿಲ್ಲ. ತಿನ್ನುವವರಿಲ್ಲದ ಅಡುಗೆಗೆ ಕೌಸರ ಇಷ್ಟು ಮೈ ಬಗ್ಗಿಸಿದ್ದು ಅಲಖನೂರಿನ ಆ ಕಾಣದ ಹೆಂಗಸಿಗಾಗಿ. ಹುಡುಗಿಯನ್ನು ನಾನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಗಬೇಕಲ್ಲ.

ಈಗ ಮುಚ್ಚಳ ನೆಗ್ಗಿದ ಆ ಡಬ್ಬಿ ತೊಳೆದು ಬೋರಲು ಹಾಕಿದ್ದು ಹಾಗೇ ಇತ್ತು. ಕೌಸರ ವಾರವೆಲ್ಲ ಅದರ ಕಡೆ ನೋಡಿದಳು. ಶುಕ್ರವಾರ ಸಂಜೆ ಒಲೆಯ ಮುಂದೆ ಕೂರುವ ಬದಲು ಮಿಶನ್ ಮುಂದೆ ಕೂತು ಮದುವೆಯ ಬ್ಲೌಸ್ ಮುಗಿಸಿದಳು. ಫಿರದೋಸಳ ಯೂನಿಫಾರ್ಮಿನ ತೋಳಿಗೆ ತುಂಡು ಕೂಡಿಸಿದಳು.

ಶನಿವಾರ ಮಧ್ಯಾಹ್ನ ಡಬ್ಬಿಯನ್ನು ಕೈಯಲ್ಲಿ ಹಿಡಿದು ತಾನೂ ಹೊರಟಾಗ ಸಕೀನಾಬಿ ಬಾಗಿಲಿಗೆ ಅಡ್ಡ ಬಂದಳು.

"ಎಲ್ಲಿಗೆ?"

"ಅಲಖನೂರಿಗೆ ರಿ ಅಮ್ಮಾ. ರಾತ್ರಿ ಊಟಕ್ಕ ಬರತೀನಿ. ಪಲ್ಯಾ ಮುಚ್ಚಿಟ್ಟೀನಿ."

"ಸವತಿ ಮನಿಗೆ? ಅದೂ ಖಾಲಿ ಡಬ್ಬಿ ಹಿಡಕೊಂಡು? ಮಂದಿ ಏನಂದಾರು?"

"ಮಂದಿ ಮೊದಲಿಂದ ಅನ್ನಾಕತ್ತಾರ ರಿ. ಹೊಸಾದೇನ ಅಂತಾರ?"

ರೈಲಿನಲ್ಲಿ ಫಿರದೋಸ ಕಿಟಕಿಗೆ ಹಣೆ ಹಚ್ಚಿ ಕೂತಳು. ಕೌಸರ ಬಂದದ್ದು ಅವಳಿಗೆ ಬೇಕಾಗಿರಲಿಲ್ಲ. ಕೌಸರಳನ್ನು ಅವಳು ಏನೆಂದೂ ಕರೆಯುತ್ತಿರಲಿಲ್ಲ. ಛೋಟಿ ಅಮ್ಮಿ ಎನ್ನು ಎಂದು ಸಕೀನಾಬಿ ಎಷ್ಟು ಸಲ ಹೇಳಿದರೂ ಬರೀ 'ರಿ' ಹಚ್ಚಿ ಮಾತು ಮುಗಿಸುತ್ತಿದ್ದಳು.

"ಡಬ್ಬಿ ನಾ ಒಯ್ತಿದ್ನಲ್ಲ ರಿ. ನೀವು ಯಾಕ?"

"ನೀ ಭಾಳ ಒಯ್ದಿ. ಇವತ್ತ ನಾ ಒಯ್ತೀನಿ."

ಕೃಷ್ಣೆಯ ಸೇತುವೆ ಬಂತು. ಗಾಡಿಯ ಸದ್ದು ಬದಲಾಯಿತು. ಸೇತುವೆ ದಾಟಿ ಮತ್ತೆ ಕಬ್ಬಿನ ಹೊಲ ಬಂದಾಗ ಹುಡುಗಿ ಕಿಟಕಿಯಿಂದ ಮುಖ ತಿರುಗಿಸದೆಯೇ ಅಂದಳು:

"ಅಲ್ಲಿ ಹೋಗಿ ಅಮ್ಮೀನ ಏನೂ ಕೇಳಬ್ಯಾಡ್ರಿ."

"ಏನ ಕೇಳಬಾರದು?"

"ಉಂಡಿ ಬಗ್ಗೆ. ಹೋಳಗಿ ಬಗ್ಗೆ."

ಕೌಸರ ಕಾದಳು. ಹೊಲಿಗೆಯವಳಿಗೆ ಕಾಯುವುದು ಗೊತ್ತು. ಗಂಟು ಬಿದ್ದ ದಾರ ಎಳೆದರೆ ಹರಿಯುತ್ತದೆ.

"ನೀವು ಕೇಳ್ತಿದ್ದಿರಲ್ಲ, ನಿಮ್ಮ ಅಮ್ಮಿ ಏನಂದ್ಲು, ತಿಂದ್ಲೇನು ಅಂತ. ಅಮ್ಮೀನೂ ಕೇಳ್ತಿದ್ಲು, ಅಕಿ ಏನಂದ್ಲು ಅಂತ. ಮೊದಲ ನಾ ಖರೇನ ಹೇಳಿದೆ. ಅವರ ಉಂಡಿ ಚಲೋ ಆಗಿದ್ವು ಅಂದೆ. ಅಮ್ಮಿ ಒಮ್ಮೆಲೆ ಸುಮ್ಮನಾಗಿಬಿಟ್ಲು. ಊಟನೂ ಮಾಡಲಿಲ್ಲ. ಆಮೇಲಿನ ವಾರ ಉಂಡಿ ಕಲ್ಲಾಗ್ಯಾವ, ನಾಯಿನೂ ತಿನ್ನಂಗಿಲ್ಲ ಅಂದೆ. ಅಮ್ಮಿ ಎಷ್ಟ ನಕ್ಕಳು."

"ಮತ್ತ ನನ್ನ ಮುಂದ, ಅಮ್ಮೀದು ಕರ್ಚಿಕಾಯಿ ಚರ್ಮ ಆಗ್ಯಾವ, ಮಾದ್ಲಿ ಜಿಗಟ ಅಂದಿ."

"ನೀವೂ ನಕ್ರಿ."

ನಕ್ಕಿದ್ದು ಹೌದು. ಆ ದಿನ ಕೌಸರಳಿಗೆ ಇಡೀ ಸಂಜೆ ಮೈ ಹಗುರವಾಗಿತ್ತು. ಹುಡುಗಿಗೆಂದು ಒಂದು ಚಾ ಹೆಚ್ಚು ಕಾಸಿದ್ದಳು.

"ಯಾವುದು ಚಲೋ ಇತ್ತು, ಖರೇನ ಹೇಳು."

"ನಾ ಯಾವದೂ ತಿಂದಿಲ್ಲ ರಿ. ಮೊದಲನೇ ಸಲ ಅಷ್ಟ ತಿಂದೆ."

"ಯಾಕ?"

"ತಿಂದ್ರ ಎರಡರಾಗ ಒಂದು ಚಲೋ ಅನಸ್ತಿತ್ತಲ್ಲ."

ಸ್ವಲ್ಪ ಹೊತ್ತಿನ ಮೇಲೆ ತಾನೇ ಮುಂದುವರಿಸಿದಳು. ಸೋಮವಾರ ಶಾಲೆಯಲ್ಲಿ ಡಬ್ಬಿ ಕಾಲಿನ ಹತ್ತಿರ ಇರುತ್ತಿತ್ತು. ಸಂಜೆ ಮನೆಗೆ ಹೋದ ಮೇಲೆ ಏನು ಹೇಳಬೇಕೆಂದು ಪಾಠದ ನಡುವೆಯೂ ಹೊಂದಿಸಿಕೊಳ್ಳುತ್ತಿದ್ದಳು. ಯಾರಾದರೂ ಮಾತಾಡಿಸಿದರೆ ಸಿಟ್ಟು ಬರುತ್ತಿತ್ತು. ಕೋಮಲ ಕೆಟ್ಟದ್ದೇನೂ ಅಂದಿರಲಿಲ್ಲ. "ಯಾರ ಅಡಗಿ ಚಲೋ ಲೇ, ಹಳೇ ಅಮ್ಮೀದೋ ಹೊಸಾ ಅಮ್ಮೀದೋ?" ಎಂದು ನಗುತ್ತ ಡಬ್ಬಿಗೆ ಕೈ ಹಾಕಿದ್ದಳು. ಅಷ್ಟೇ.

ಕೌಸರಳಿಗೆ ಅಪ್ಪಿಕೊಳ್ಳಬೇಕೆನಿಸಿತು. ಅಷ್ಟು ಸಲಿಗೆ ಅವರಿಬ್ಬರ ನಡುವೆ ಇನ್ನೂ ಬೆಳೆದಿರಲಿಲ್ಲ. ಹುಡುಗಿಯ ತೋಳಿಗೆ ಕೂಡಿಸಿದ ತುಂಡಿನಿಂದ ಹೊರಬಂದಿದ್ದ ಒಂದು ದಾರವನ್ನು ಹಲ್ಲಿನಿಂದ ಕಡಿದಳು. ಹುಡುಗಿ ಕೈ ಎಳೆದುಕೊಳ್ಳಲಿಲ್ಲ.

ರಾಯಬಾಗ ಸ್ಟೇಶನ್ನಿನಿಂದ ಟಂಟಂ ಆಟೋ ಹಿಡಿದು ಅಲಖನೂರಿಗೆ ಹೋದರು. ರಿಹಾನಾ ಹಿತ್ತಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಣ್ಣ ಜಮಾಲಸಾಬ, ಅವನ ಹೆಂಡತಿ, ಮಕ್ಕಳು, ಹೊಲದ ಆಳು, ಎಲ್ಲರ ರೊಟ್ಟಿಯೂ ಅವಳದೇ. ಕೌಸರಳನ್ನು ಅವಳು ಎಂದೂ ನೋಡಿರಲಿಲ್ಲ, ಆದರೂ ಯಾರೆಂದು ಕೇಳಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ನಿಂತು "ಬರ್ರಿ" ಅಂದಳು. ಮೊದಲು ಮಗಳ ಮುಖ ನೋಡಿದಳು, ಆಮೇಲೆ ಡಬ್ಬಿ. ಕೌಸರ ಅದನ್ನು ಚಾಚಿದಾಗ ಎರಡೂ ಮುಂಗೈಗಳಲ್ಲಿ ಆತು ಹಿಡಿದಳು. ಭಾರವಿಲ್ಲದ್ದು ತಕ್ಷಣ ತಿಳಿಯಿತು.

"ಖಾಲಿ ಐತಿ," ಎಂದಳು. ಮುಖ ಬಿಗಿಯಾಯಿತು.

"ಹೌದ್ರಿ ಆಪಾ. ಬೇಕಂತ ಖಾಲಿ ತಂದೀನಿ. ಕೂಡ್ರಿ, ಹೇಳ್ತೀನಿ."

ಕೌಸರ ಹಿಟ್ಟಿನ ಪರಾತದ ಪಕ್ಕ ಕೂತು ಶಾಲೆಯ ಸಂಗತಿಯನ್ನೆಲ್ಲ ಹೇಳಿದಳು. ಹಣೆಯ ಗಾಯ, ಟಿ.ಸಿ., ಕೊಗನೊಳ್ಳಿಯ ಬಾಣಂತಿ. ರಿಹಾನಾಳಿಗೆ ಇದಾವುದೂ ಗೊತ್ತಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಹೊತ್ತಿತು, ಇಬ್ಬರೂ ತೆಗೆಯಲಿಲ್ಲ.

"ಈ ಡಬ್ಬಿ ನಾ ನಿಮಗ ಕಳಿಸಿದ್ದಿಲ್ಲ," ಎಂದಳು ರಿಹಾನಾ ಕೊನೆಗೆ. "ಮೊದಲನೇ ಸಲ ಅಕಿಗೇ ಕೊಟ್ಟಿದ್ದೆ. ನಸುಕಿನ್ಯಾಗ ಹೋಗ್ತಾಳ, ಶಾಲ್ಯಾಗ ಗೆಳತ್ಯಾರ ಜೋಡಿ ತಿನ್ನಲಿ ಅಂತ. ನಿಮ್ಮ ಮನಿಯಿಂದ ತುಂಬಿ ಬಂತು."

"ನೀವು ಹೇಳಿ ಕಳಿಸಬೇಕಿಲ್ರೀ?"

"ಹ್ಯಾಂಗ ಹೇಳ್ಲಿ? ತುಂಬಿ ಬಂದ ಡಬ್ಬಿ ಖಾಲಿ ಹ್ಯಾಂಗ ಕಳಸ್ಲಿ? ತಲಾಕ್ ಆದಾಕಿ, ಅಣ್ಣನ ಮನ್ಯಾಗ ಹೊಟ್ಟಿಗಿಲ್ದ ಬಿದ್ದಾಳ ಅಂತ ನೀವು ಅನಬಾರದಲ್ಲ." ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ಬೆಲ್ಲ ಎಣ್ಣಿ ಭಾಬಿ ಕೈಯಾಗಿರತಾವ. ಅಕಿ ಪಾಲಿನ ಅರಬಿ ಒಗದ ಕೊಟ್ಟಾಗ ಒಂದು ಹೆಂಟಿ ಬೆಲ್ಲ ಕೊಡ್ತಾಳ. ಹಳೇ ಬೆಲ್ಲ."

ಫಿರದೋಸ ಹಿತ್ತಲ ಬಾಗಿಲಲ್ಲಿ ಹೆಗಲ ಚೀಲ ಇಳಿಸದೆ ನಿಂತಿದ್ದಳು. ಒಳಗೂ ಬರುತ್ತಿಲ್ಲ, ಹೊರಗೂ ಹೋಗುತ್ತಿಲ್ಲ. ರಿಹಾನಾ ಅವಳ ಕಡೆ ತಿರುಗಿದಳು.

"ಏ, ಇವರ ಉಂಡಿ ಕಲ್ಲು ಅಂದಿದ್ದಿಯಲ್ಲ ನೀ?"

ಹುಡುಗಿ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದಳು. ಅವಳು ಉತ್ತರಿಸುವ ಮೊದಲೇ ಕೌಸರ ಬಾಯಿ ಹಾಕಿದಳು.

"ಅದು ಖರೇನ ಐತ್ರಿ. ಮಿಶನ್ ಮ್ಯಾಲೆ ಕುಂತಿರತೀನಿ, ಪಾಕ ಏರಿಬಿಡತೈತಿ. ನಮ್ಮ ಅತ್ತಿಯವರು ಒರಳಾಗ ಹಾಕಿ ಕುಟ್ಟಿ ತಿಂತಾರ."

ರಿಹಾನಾ ಅವಳನ್ನೇ ನೋಡಿದಳು. ನಗು ಮೊದಲು ಹೆಗಲಿಗೆ ಬಂತು, ಆಮೇಲೆ ಬಾಯಿಗೆ. "ಮುದುಕಿಗೆ ಹಲ್ಲೆಲ್ಲಿ ಅದಾವ. ನನ್ನ ಮಾದ್ಲಿನೂ ಜಿಗಟನ ಬಿಡ್ರಿ. ಅಕಿ ನಿಮ್ಮ ಮುಂದ ಹಂಗ ಅಂದಿದ್ರ ಸುಳ್ಳೇನಲ್ಲ."

ಬಾಗಿಲಲ್ಲಿ ಚೀಲ ನೆಲಕ್ಕೆ ಇಳಿದ ಸದ್ದಾಯಿತು.

ಸೋಮವಾರ ಶಾಲೆಗೆ ಬರಬೇಕೆಂದು ಕೌಸರ ಕೇಳಿದಳು. ಶಾಲೆ ಅಪ್ಪನ ಕಡೆಯ ವಿಷಯ ಎಂದು ಹಿರಿಯರು ಹೇಳಿದ್ದಾರೆ ಎಂದಳು ರಿಹಾನಾ. ಹೇಳಿದ ಹಿರಿಯರು ಯಾರೂ ಶಾಲೆಗೆ ಬಂದಿಲ್ಲ ಎಂದಳು ಕೌಸರ. ಇನ್ನೊಂದು ತೊಡಕು ದೊಡ್ಡದು.

"ಸೋಮವಾರ ನಾ ಹ್ವಾದ್ರ ಇಲ್ಲಿ ರೊಟ್ಟಿ ಯಾರು ಬಡೀತಾರ? ಭಾಬಿ ಮನಿ ತಲಿ ಮ್ಯಾಲೆ ಹೊತ್ಕೊಂಡಾಳು."

ಕೌಸರ ಬುರ್ಖಾ ತೆಗೆದು ಗೂಟಕ್ಕೆ ಹಾಕಿದಳು, ತೋಳು ಮೇಲಕ್ಕೆ ಮಡಚಿದಳು. "ಖಡಕ್ ರೊಟ್ಟಿ ಮಾಡಿ ಇಟ್ಟ ಹೋಗೂಣು. ಎಂಟ ದಿನ ತಿಂದ್ರೂ ಏನಾಗಂಗಿಲ್ಲ. ಹಿಟ್ಟ ತರ್ರಿ."

ಒಬ್ಬಳು ಬಡಿದಳು, ಒಬ್ಬಳು ಬೇಯಿಸಿದಳು. ಕೈ ಸೋತಾಗ ಜಾಗ ಬದಲಾಯಿಸಿಕೊಂಡರು. ಬುಟ್ಟಿ ತುಂಬಿ ಇನ್ನೊಂದು ಬುಟ್ಟಿ ಬೇಕಾಯಿತು. ಹೊಲದಿಂದ ಬಂದ ಜಮಾಲಸಾಬನ ಹೆಂಡತಿ ಹಿತ್ತಲಿಗೆ ಇಣುಕಿ, "ಯಾರ ಮನಿ ಮದವಿ ಐತಿ?" ಎಂದು ಕೇಳಿದಳು. ಆಮೇಲೆ ಒಂದು ಬಿಸಿ ರೊಟ್ಟಿ ಎತ್ತಿಕೊಂಡು ಒಳಗೆ ಹೋದಳು. ಫಿರದೋಸ ಕಟ್ಟೆಯ ಮೇಲೆ ಒರಗಿದವಳು ಹಾಗೇ ನಿದ್ದೆ ಹೋಗಿದ್ದಳು, ಬಾಯಿ ತೆರೆದು, ಚಿಕ್ಕ ಹುಡುಗಿಯ ಹಾಗೆ. ಸಂಜೆಯ ರೈಲಿಗೆ ಕೌಸರ ಹೊರಡುವಾಗ ಇಬ್ಬರೂ ಫೋನ್ ನಂಬರ್ ಕೊಟ್ಟುಕೊಂಡರು.

ಸೋಮವಾರ ಬೆಳಗಿನ ರೈಲಿಗೆ ತಾಯಿ ಮಗಳು ಬಂದಿಳಿದರು. ಸ್ಟೇಶನ್ನಿನಲ್ಲಿ ಕೌಸರ ನಿಂತಿದ್ದಳು. ಮೂವರೂ ಶಾಲೆಗೆ ನಡೆದರು. ಮುಖ್ಯಾಧ್ಯಾಪಕಿ ಇಬ್ಬರು ಹೆಂಗಸರನ್ನೂ ನೋಡಿ ಇನ್ನೊಂದು ಕುರ್ಚಿ ತರಿಸಿದರು. ಈ ಸಲ 'ಹಾಂ' ಅನ್ನಲಿಲ್ಲ. ಮಾತಾಡಿದ್ದು ಕೌಸರಳೇ. ಇನ್ನು ಸೋಮವಾರ ಹುಡುಗಿಯ ಕೈಯಲ್ಲಿ ಏನನ್ನೂ ಕಳಿಸುವುದಿಲ್ಲ, ಅವಳ ಬಾಯಿಂದ ಏನನ್ನೂ ಕೇಳಿಸಿಕೊಳ್ಳುವುದಿಲ್ಲ, ತಾವಿಬ್ಬರೂ ನೇರವಾಗಿ ಮಾತಾಡುತ್ತೇವೆ ಎಂದಳು. ಮುಖ್ಯಾಧ್ಯಾಪಕಿ ಫಿರದೋಸಳಿಗೆ ಕೋಮಲಳ ಹತ್ತಿರ ಹೋಗಲು ಹೇಳಿದರು. ಅವಳು ಹೋಗಿ ಎಲ್ಲರ ಮುಂದೆ ನಿಂತು, "ತಪ್ಪಾತು, ಅದು ನಿನ್ನ ಸಲುವಾಗಿ ಅಲ್ಲ" ಅಂದಳು. ಕೋಮಲ ಹಣೆಯ ಪಟ್ಟಿಯನ್ನು ಮುಟ್ಟಿಕೊಂಡು, "ಮಾದ್ಲಿ ಎಲ್ಲಾ ಚೆಲ್ಲಿಬಿಟ್ಟಿ ಲೇ, ನನಗ ಸಿಗಲೇ ಇಲ್ಲ" ಅಂದಳು. ಟಿ.ಸಿ.ಯ ಮಾತು ಅಲ್ಲಿಗೆ ನಿಂತಿತು. ಇನ್ನೊಂದು ಸಲ ಹೀಗಾದರೆ ತಾವೂ ಏನೂ ಮಾಡಲಾಗದು ಎಂದು ಮುಖ್ಯಾಧ್ಯಾಪಕಿ ಹೇಳಿದರು, ಹೇಳಲೇಬೇಕಿತ್ತು.

ಇಮ್ರಾನ ಬಂದಿದ್ದ. ಶಾಲೆಯ ಗೇಟಿನ ತನಕ ಬಂದು, ಒಳಗೆ ಯಾರಿದ್ದಾರೆಂದು ನೋಡಿ, ಮೋಟರ್‌ಸೈಕಲ್ ತಿರುಗಿಸಿದ್ದ.

"ನೀವಿಬ್ಬರೂ ಇದ್ರಲ್ಲ, ಮತ್ತ ನಾ ಯಾಕ?" ಎಂದ ಸಂಜೆ.

"ಹೌದ್ರಿ, ನಾವಿಬ್ಬರೂ ಇದ್ವಿ. ಇನ್ನ ಶನಿವಾರ ಸ್ಟೇಶನ್ನಿಗೆ ಬಿಡೂದು, ಸೋಮವಾರ ಕರ್ಕೊಂಡ ಬಂದು ನಾಷ್ಟಾ ಮಾಡಿಸಿ ಶಾಲಿಗೆ ಬಿಡೂದು ನೀವು ಮಾಡ್ರಿ. ಕೊಗನೊಳ್ಳಿ ಮಾತು ಬ್ಯಾಡ."

"ಕಾರ್ಖಾನಿ ಪಾಳಿ?"

"ಬ್ಯಾರೆ ಡ್ರೈವರ್ ಜೋಡಿ ಪಾಳಿ ಬದಲ ಮಾಡಕೋರ್ರಿ. ನಾ ಏನ ಬ್ಲೌಸ್ ಬಿಟ್ಟ ಹೋಗಿಲ್ಲೇನು?"

ಸಕೀನಾಬಿ ಕುಟ್ಟಿದ ಎಲೆ ಅಡಿಕೆ ಅಗಿಯುತ್ತ ಮಗನ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. ಇಮ್ರಾನ ಗೊಣಗುತ್ತಲೇ ಒಪ್ಪಿದ. ಕೆಲವು ಸೋಮವಾರ ತಪ್ಪಿಸಿದ, ಹೆಚ್ಚಿನವುಗಳಲ್ಲಿ ಬಂದ.

ಫಿರದೋಸ ಒಮ್ಮೆಲೆ ಬದಲಾಗಲಿಲ್ಲ. ಗಣಿತದ ಸರ್‌ಗೆ ಮತ್ತೊಮ್ಮೆ ಎದುರು ಮಾತಾಡಿದಳು. ಆದರೆ ಶನಿವಾರದ ಕಡೆಯ ತಾಸಿಗೆ ಕೂರತೊಡಗಿದಳು, ಒಂಬತ್ತನೆಯ ತರಗತಿಯ ಪರೀಕ್ಷೆಗೆ ಓದತೊಡಗಿದಳು. ಪರೀಕ್ಷೆ ಹತ್ತಿರ ಬಂದಾಗ ಒಂದು ಶುಕ್ರವಾರ, ಕೌಸರ ಬಟನ್ ಹಚ್ಚುತ್ತಿದ್ದಾಗ ಬಂದು ಎದುರಿಗೆ ನಿಂತಳು.

"ನಾಳೆ ನಾ ಹೋಗಂಗಿಲ್ಲ ರಿ."

"ಯಾಕ, ಆರಾಮಿಲ್ಲೇನು?"

"ಆರಾಮ ಅದೀನಿ. ಹೋಗೂ ಮನಸಿಲ್ಲ. ಒಂದ ಸಲ ಸೂಟಿ ದಿನ ಎಲ್ಲೂ ಹೋಗದ ಮಲಗಬೇಕು."

ಅಲಖನೂರಿನಲ್ಲಿ ಅವಳು ಬರುವ ದಿನಕ್ಕೆ ಕಾಯುವ ಹೆಂಗಸು ಏನು ತಿಳಿದುಕೊಂಡಾಳು? ಮಗಳನ್ನು ಮಲತಾಯಿ ಬಿಡಲಿಲ್ಲ ಎಂದಾಳೆ? ಹುಷಾರಿಲ್ಲ ಎಂದು ತಾನೇ ಫೋನ್ ಮಾಡಿ ಹೇಳಿಬಿಡಲೇ ಎಂದು ಕೌಸರ ಯೋಚಿಸಿದಳು. ಆಮೇಲೆ ನಂಬರ್ ಒತ್ತಿ, ಫೋನನ್ನು ಹುಡುಗಿಯ ಕೈಗೆ ಕೊಟ್ಟಳು.

"ನೀನ ಹೇಳು. ನನಗ ಹೇಳಿದಂಗ."

ಫಿರದೋಸ ಹೇಳಿದಳು. ಹುಡುಗಿಯ ಕಣ್ಣು ಅಭ್ಯಾಸದಂತೆ ಕೌಸರಳ ಮುಖ ಹುಡುಕಿತು. ಕೌಸರ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುವುದರಲ್ಲಿದ್ದಳು.

"ಮಲಕ್ಕೋ," ಎಂದಿತು ರಿಹಾನಾಳ ದನಿ. ಅದು ಸ್ವಲ್ಪ ಒಡೆದಿತ್ತು. "ಕಣ್ತುಂಬ ಮಲಕ್ಕೋ. ನಾ ಎಲ್ಲಿ ಹೊಂಟೀನಿ, ಇಲ್ಲೇ ಇರತೀನಿ."

ಫಿರದೋಸ ಫೋನನ್ನು ಮಿಶನ್ ಮೇಲಿಟ್ಟು, ಅಲ್ಲೇ ಕೌಸರಳ ಕಾಲಬುಡದಲ್ಲಿ ಹಾಸಿದ್ದ ಚಾಪೆಯ ಮೇಲೆ ಪುಸ್ತಕ ತೆರೆದು ಕೂತಳು.